ಕಾರಿಗೂ ಒಂದು ಚಂದಾ ಬೇಕೆ?

ಚಂದಾ ಎಂಬ ಮಾತು ವಾರಪತ್ರಿಕೆಯ ಓದುಗರಿಗೆ ಹೊಸದಲ್ಲ. ವರ್ಷಕ್ಕೊಮ್ಮೆ ಹಣ ಕಟ್ಟಿದರೆ ವಾರವಾರವೂ ಸಂಚಿಕೆ ಬಾಗಿಲಿಗೆ ಬರುತ್ತದೆ. ಬಾರದಿದ್ದರೆ ಕೇಳುವ ಹಕ್ಕುಂಟು. ಬಂದದ್ದನ್ನು ಓದದೆ ಮೂಲೆಗಿಟ್ಟರೆ ನಷ್ಟ ಚಂದಾದಾರನದು. ಈಚಿನ ವರ್ಷಗಳಲ್ಲಿ ಈ ಮಾತು ಪತ್ರಿಕೆಯ ಅಂಗಳವನ್ನು ದಾಟಿ ಮನೆಯ ಒಳಕೋಣೆಗಳಿಗೂ ನುಗ್ಗಿದೆ. ಹಾಡಿಗೆ ಚಂದಾ, ಚಲನಚಿತ್ರಕ್ಕೆ ಚಂದಾ, ಫೋನಿನಲ್ಲಿ ತೆಗೆದ ಭಾವಚಿತ್ರಗಳನ್ನು ಕಾಪಾಡಿಕೊಡುವುದಕ್ಕೂ ಚಂದಾ. ಈಗ ಮನೆಯ ಮುಂದೆ ನಿಂತ ಮೋಟಾರು ಕಾರು ಕೂಡ ತನಗೊಂದು ಬೇಕೆಂದು ಕೈನೀಡಿದೆ. ಕಾರಿನಲ್ಲಿ ಕುಳಿತವರಿಗೆಲ್ಲ ಅಂತರ್ಜಾಲವನ್ನು ಹಂಚುವ ವೈಫೈ ಹಾಟ್‌ಸ್ಪಾಟಿನ ಚಂದಾ ಅದು. ಕೊಡಬೇಕೆ, ಬೇಡವೆ ಎಂಬುದು ಇಂದು ಅನೇಕ ಸಂಸಾರಗಳ ಮುಂದಿರುವ ಪ್ರಶ್ನೆ.

ಪ್ರಶ್ನೆ ಹುಟ್ಟುವ ಗಳಿಗೆ ಮಾತ್ರ ವಿಚಾರಕ್ಕೆ ಅನುಕೂಲವಾದುದಲ್ಲ. ಸಂಸಾರವೊಂದು ಹೊಸ ಕಾರು ಕೊಳ್ಳಲೆಂದು ಮಳಿಗೆಗೆ ಹೋಗಿದೆ. ಮಗ ಆಗಲೇ ಹಿಂದಿನ ಸೀಟಿನಲ್ಲಿ ಕುಳಿತು ಒತ್ತುಗುಂಡಿಗಳನ್ನು ಪರೀಕ್ಷಿಸುತ್ತಿದ್ದಾನೆ.

"ಈ ಗಾಡಿಯಲ್ಲಿ ವೈಫೈ ಇದೆ ಸಾರ್" ಎನ್ನುತ್ತಾನೆ ಮಾರುವವನು.

"ಅದಕ್ಕೆ ಬೇರೆ ಹಣ ಕೊಡಬೇಕೆ?" ಎಂದು ಗೃಹಿಣಿ ಕೇಳುತ್ತಾರೆ.

"ಮೊದಲು ಉಚಿತ ಮೇಡಂ. ಆಮೇಲೂ ಬಹಳ ಕಡಮೆ."

"ಲಕ್ಷಗಟ್ಟಲೆ ಸುರಿಯುವಾಗ ಇದೊಂದು ಲೆಕ್ಕವೆ, ಬಿಡು" ಎನ್ನುತ್ತಾರೆ ಯಜಮಾನರು.

ಎಚ್ಚರ ಬೇಕಾದದ್ದು ಇಲ್ಲಿಯೇ. ದೊಡ್ಡ ಬೆಲೆಯ ನೆರಳಿನಲ್ಲಿ ಸಣ್ಣ ಬೆಲೆ ಕಣ್ಣಿಗೆ ಬೀಳುವುದಿಲ್ಲ. ಆನೆ ಕೊಂಡವನು ಅಂಕುಶದ ಬೆಲೆ ಕೇಳದಿರಬಹುದು. ಆದರೆ ಅಂಕುಶವನ್ನು ಒಮ್ಮೆ ಕೊಂಡರೆ ಮುಗಿಯಿತು. ಚಂದಾ ಮುಗಿಯುವುದಿಲ್ಲ.

ಮೊದಲು ತಿಳಿಯಬೇಕಾದುದು "ವೈಫೈ ಇದೆ" ಎಂಬ ಎರಡು ಪದಗಳ ಅರ್ಥವನ್ನು. ಈ ಮಾತಿಗೆ ಕನಿಷ್ಠ ಮೂರು ಅರ್ಥಗಳುಂಟು. ಕೆಲವು ಕಾರುಗಳು ತಮ್ಮಲ್ಲಿಯೇ ಹುದುಗಿಸಿದ ಸಿಮ್ಮಿನ ಮೂಲಕ ಅಂತರ್ಜಾಲವನ್ನು ಪಡೆದು ಪ್ರಯಾಣಿಕರಿಗೆ ಹಂಚುತ್ತವೆ. ನಿಜವಾದ ಹಾಟ್‌ಸ್ಪಾಟ್ ಎಂದರೆ ಇದು. ಕೆಲವು ಕಾರುಗಳು ಹಂಚುವುದಿಲ್ಲ, ಬೇಡುತ್ತವೆ. ಯಜಮಾನರ ಫೋನು ಹಂಚಿದ ಅಂತರ್ಜಾಲವನ್ನೇ ಪಡೆದು ತಮ್ಮ ತೆರೆಯ ಮೇಲೆ ನಕಾಶೆಯನ್ನೊ ಹಾಡನ್ನೊ ತೋರಿಸುತ್ತವೆ. ಇನ್ನು ಕೆಲವು ಕಾರುಗಳಲ್ಲಿ ಆಂಡ್ರಾಯ್ಡ್ ಆಟೊ, ಆಪಲ್ ಕಾರ್‌ಪ್ಲೇ ಎಂಬ ಏರ್ಪಾಡುಗಳು ತಂತಿಯಿಲ್ಲದೆ ಕೆಲಸ ಮಾಡುವುದಕ್ಕಾಗಿ ಫೋನಿಗೂ ಕಾರಿಗೂ ನಡುವೆ ವೈಫೈ ಎಂಬ ಸೇತುವೆ ಇರುತ್ತದೆ, ಅಷ್ಟೆ. ಅಲ್ಲಿಯೂ ಖರ್ಚಾಗುವ ಡೇಟಾ ಫೋನಿನದೇ. ಆದ್ದರಿಂದ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಸರಳವಾದುದು: ಈ ಕಾರು ಕೊಡುವ ಕಾರೊ, ಬೇಡುವ ಕಾರೊ? ಬೇಡುವ ಕಾರಾದರೆ ಚಂದಾದ ಮಾತೇ ಏಳುವುದಿಲ್ಲ.

ಎರಡನೆಯ ಗೊಂದಲ ಇದಕ್ಕಿಂತ ಆಳವಾದುದು. ಕಾರನ್ನು ಹೊರಜಗತ್ತಿಗೆ ಕಟ್ಟುವ ಎಳೆಗಳು ಮೂರು. ಮಾರುವವರ ಬಾಯಲ್ಲಿ ಅವು ಒಂದೇ ಹಗ್ಗವಾಗಿ ಹೊಸೆದುಕೊಂಡು ಬರುತ್ತವೆ.

ಒಂದನೆಯದು ಜಿಪಿಎಸ್. ಭೂಮಿಯಿಂದ ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸದಾ ಕಾಲಸಂಕೇತಗಳನ್ನು ಬಿತ್ತರಿಸುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕಿದರೆ ತಾನೆಲ್ಲಿದ್ದೇನೆಂಬುದನ್ನು ಫೋನು ತಾನೇ ಗಣಿಸಿಕೊಳ್ಳುತ್ತದೆ. ಬಿಸಿಲಿಗೆ ಹೇಗೆ ಬಾಡಿಗೆ ಇಲ್ಲವೊ ಹಾಗೆ ಇದಕ್ಕೂ ಚಂದಾ ಇಲ್ಲ, ಡೇಟಾ ಕೂಡ ಬೇಕಿಲ್ಲ. ಡೇಟಾ ಬೇಕಾಗುವುದು ನಕಾಶೆಯ ಚಿತ್ರಗಳನ್ನು ತರಿಸುವುದಕ್ಕೆ ಮತ್ತು ಮುಂದಿನ ವೃತ್ತದಲ್ಲಿ ವಾಹನಗಳು ಕಟ್ಟಿ ನಿಂತಿವೆಯೆ ಎಂದು ತಿಳಿಯುವುದಕ್ಕೆ. ನಕಾಶೆಯನ್ನು ಮನೆಯಲ್ಲಿಯೇ ಫೋನಿಗೆ ಇಳಿಸಿಕೊಂಡು ಹೊರಟರೆ ಅಂತರ್ಜಾಲವಿಲ್ಲದ ಕಾಡಿನಲ್ಲಿಯೂ ಅದು ದಾರಿ ತೋರುತ್ತದೆ.

ಎರಡನೆಯದು ಕಾರಿನ ತಯಾರಕರು ಇಟ್ಟುಕೊಂಡ ಎಳೆ. ಕಾರಿನೊಳಗಣ ಸಿಮ್ಮಿನ ಮೂಲಕ ಗಾಡಿ ಎಲ್ಲಿ ನಿಂತಿದೆಯೆಂದು ಫೋನಿನಲ್ಲಿ ನೋಡಬಹುದು. ಬೀಗ ಹಾಕಿದೆಯೆ ಎಂದು ತಿಳಿಯಬಹುದು. ಕೆಲವು ಗಾಡಿಗಳಲ್ಲಿ ಹತ್ತುವ ಮುನ್ನವೇ ಒಳಗನ್ನು ತಂಪು ಮಾಡಬಹುದು. ಇದು ಕೆಲವು ವರ್ಷ ಕಾರಿನ ಬೆಲೆಯಲ್ಲಿಯೇ ಸೇರಿ ಬಂದು, ಆಮೇಲೆ ಬೇರೆಯಾಗಿ ಹಣ ಕೇಳುವುದು ವಾಡಿಕೆ.

ಮೂರನೆಯದೇ ಪ್ರಯಾಣಿಕರ ಹಾಟ್‌ಸ್ಪಾಟ್. ಮನೆಯ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಕಿಟಕಿಯಿಂದ ಬರುವ ಬೆಳಕು, ಎರಡನೆಯದು ಬಾಗಿಲ ಕಾವಲುಗಾರ, ಮೂರನೆಯದು ಅಡುಗೆಮನೆಯ ನಲ್ಲಿ. ನಲ್ಲಿಗೆ ಹಣ ಕಟ್ಟದಿದ್ದರೆ ಬೆಳಕು ನಿಂತುಹೋಗುವುದೆಂದು ಅಂಜಿ ಹಣ ಕಟ್ಟುವವರಿದ್ದಾರೆ. ಅಪಘಾತವಾದರೆ ಸಹಾಯಕ್ಕೆ ಕೂಗುವುದು ಹೇಗೆ ಎಂಬ ಭಯವೂ ಇದೇ ಗೊಂದಲದಿಂದ ಹುಟ್ಟಿದ್ದು. 112ಕ್ಕೆ ಕರೆ ಮಾಡಲು ವೈಫೈ ಚಂದಾ ಬೇಕಿಲ್ಲ. ಫೋನಿನ ಸಾಧಾರಣ ಕರೆ ಸಾಕು. ಐರೋಪ್ಯ ಒಕ್ಕೂಟದಲ್ಲಿ 2018ರ ಮಾರ್ಚ್ 31ರಿಂದೀಚೆಗೆ ಬಂದ ಹೊಸ ಮಾದರಿಯ ಕಾರುಗಳು ಭಾರಿ ಅಪಘಾತವಾದಾಗ ತಾವೇ 112ನ್ನು ಕರೆಯಬೇಕೆಂಬ ಕಟ್ಟಳೆಯಿದೆ. ಆ ಸೌಲಭ್ಯವೂ ಪ್ರಯಾಣಿಕರ ವೈಫೈಗೆ ಸೇರಿದ್ದಲ್ಲ. ಕುಟುಂಬದ ಕ್ಷೇಮದ ಹೆಸರಿನಲ್ಲಿ ಯಾರಾದರೂ ಹಾಟ್‌ಸ್ಪಾಟನ್ನು ಮಾರಿದರೆ, ಅವರು ಕಾವಲುಗಾರನ ಗುಣಗಾನ ಮಾಡಿ ನಲ್ಲಿಯನ್ನು ಮಾರುತ್ತಿದ್ದಾರೆಂದು ತಿಳಿಯಬೇಕು.

ಈ ಪದಾರ್ಥ ಹುಟ್ಟಿದ ನಾಡಿನಲ್ಲಿ ಇದಕ್ಕೆ ಅರ್ಥವಿಲ್ಲದಿರಲಿಲ್ಲ. ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆ 1996ರಲ್ಲಿಯೇ ಆನ್‌ಸ್ಟಾರ್ ಎಂಬ ಹೆಸರಿನಿಂದ ಕಾರಿಗೆ ದೂರವಾಣಿ ಸಂಪರ್ಕವನ್ನು ಕಟ್ಟಿತು. ಆಗಿನ ಉದ್ದೇಶ ಆಪತ್ತಿನಲ್ಲಿ ಸಹಾಯ. 2014ರಲ್ಲಿ ಅದೇ ಸಂಸ್ಥೆ ತನ್ನ ಕಾರುಗಳಲ್ಲಿ 4ಜಿ ಸಂಪರ್ಕವನ್ನೂ ವೈಫೈ ಹಾಟ್‌ಸ್ಪಾಟನ್ನೂ ತಂದಿತು. ಅಲ್ಲಿ ದಾರಿ ದೀರ್ಘ. ಒಂದು ರಾಜ್ಯ ದಾಟುವುದರಲ್ಲಿ ಹಗಲು ಕಳೆಯುತ್ತದೆ. ಫೋನಿನ ಡೇಟಾ ದುಬಾರಿ. 'ಮಿತಿಯಿಲ್ಲ' ಎಂದು ಹೇಳಿಕೊಳ್ಳುವ ಪ್ಲಾನುಗಳಲ್ಲಿಯೂ ಫೋನಿನಿಂದ ಇತರರಿಗೆ ಹಂಚುವ ಡೇಟಾಕ್ಕೆ ಮಿತಿಯಿರುವುದು ಸಾಮಾನ್ಯ. ಅಲ್ಲಿ ನೆಲೆಸಿದ ಕನ್ನಡ ಸಂಸಾರವೊಂದು ಮಕ್ಕಳನ್ನು ಕೂರಿಸಿಕೊಂಡು ಹತ್ತು ಹನ್ನೆರಡು ಗಂಟೆ ಗಾಡಿ ಓಡಿಸುವಾಗ ಕಾರಿನ ಚಂದಾ ಲಾಭದಾಯಕವೆಂದು ಕಂಡರೆ ಅದರಲ್ಲಿ ಅಚ್ಚರಿಯಿಲ್ಲ.

ಭಾರತಕ್ಕೆ ಇದು ಬಂದದ್ದು ಬೇರೊಂದು ಹವೆಯಲ್ಲಿ. ಇಲ್ಲಿ 2019ರ ಮೇ ತಿಂಗಳಲ್ಲಿ ಹ್ಯೂಂಡೈ ವೆನ್ಯೂ, ಮರುತಿಂಗಳು ಎಂಜಿ ಹೆಕ್ಟರ್ ಅಂತರ್ಜಾಲದ ಹೆಗ್ಗಳಿಕೆಯನ್ನು ಹೊತ್ತು ಮಾರುಕಟ್ಟೆಗೆ ಇಳಿದುವು. ಅದಕ್ಕೆ ಸುಮಾರು ಮೂರು ವರ್ಷ ಮುಂಚೆಯೇ, 2016ರ ಸೆಪ್ಟೆಂಬರಿನಲ್ಲಿ ಜಿಯೊ ಸೇವೆ ಆರಂಭವಾಗಿ, ಫೋನಿನ ಡೇಟಾ ಬೆಲೆ ನೆಲಕ್ಕಿಳಿದಿತ್ತು. ದಿನಕ್ಕೆ 1.5 ಅಥವಾ 2 ಜಿಬಿ ಕೊಡುವ ಪ್ಲಾನು ಇಂದು ಮಧ್ಯಮ ವರ್ಗದ ಮನೆಯಲ್ಲಿ ಹಾಲು, ಪತ್ರಿಕೆಗಳಷ್ಟೇ ಸಾಮಾನ್ಯ. ಅಂತಹ ಮನೆಯ ನಾಲ್ವರು ಕಾರು ಹತ್ತಿದರೆಂದರೆ ಎರಡು ಮೂರು ಹಾಟ್‌ಸ್ಪಾಟುಗಳು ಜೇಬಿನಲ್ಲೊ ಕೈಚೀಲದಲ್ಲೊ ಕುಳಿತು ಕಾರು ಹತ್ತಿದುವೆಂದೇ ಅರ್ಥ. ಬೆಣ್ಣೆಯನ್ನು ಅಂಗೈಯಲ್ಲಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದರೆಂಬ ಗಾದೆ ಇಂತಹ ಸಂದರ್ಭಕ್ಕೇ ಹುಟ್ಟಿದಂತಿದೆ.

ಗಾದೆ ಸಾಲದು, ಲೆಕ್ಕವೂ ಬೇಕು. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ಊಟ ಉಪಾಹಾರ ಸೇರಿ ಏಳೆಂಟು ಗಂಟೆಯ ದಾರಿ. ಸೆಕೆಂಡಿಗೆ 160 ಕಿಲೊಬಿಟ್ ವೇಗದಲ್ಲಿ ಹರಿಯುವ ಸಂಗೀತ ಗಂಟೆಗೆ 72 ಎಂಬಿ ತಿನ್ನುತ್ತದೆ. ಏಳು ಗಂಟೆ ಬಿಡದೆ ಕೇಳಿದರೂ ಅರ್ಧ ಜಿಬಿ. ಚಿತ್ರದ ಹಸಿವು ದೊಡ್ಡದು. ಸಾಧಾರಣ ಸ್ಪಷ್ಟತೆಯ ಚಿತ್ರ ಸೆಕೆಂಡಿಗೆ 1.5 ಮೆಗಾಬಿಟ್ ಹರಿದರೆ ಗಂಟೆಗೆ 675 ಎಂಬಿ ಆಯಿತು. ಇಬ್ಬರು ಮಕ್ಕಳು ತಲಾ ಮೂರು ಗಂಟೆ ನೋಡಿದರೆ ಸುಮಾರು 4 ಜಿಬಿ. ತಂದೆಯ ಫೋನಿನಲ್ಲಿ 2, ತಾಯಿಯ ಫೋನಿನಲ್ಲಿ 2. ಅಲ್ಲಿಗೆ ಸರಿಗೆ ಸರಿ; ಜೊತೆಗೆ ಬಂದ ಅಜ್ಜನ ಫೋನಿನ ಪಾಲು ಮುಟ್ಟದೆ ಉಳಿದಿದೆ. ಹಿಂದಿನ ರಾತ್ರಿ ಮನೆಯ ವೈಫೈಯಲ್ಲಿಯೇ ಚಿತ್ರಗಳನ್ನು ಇಳಿಸಿಕೊಂಡರಂತೂ ದಾರಿಯ ಖರ್ಚು ಸೊನ್ನೆ. ಬುತ್ತಿ ಕಟ್ಟಿಕೊಂಡು ಹೊರಟವರಿಗೆ ಹೋಟೆಲಿನ ಹಂಗಿಲ್ಲ.

ಹಾಗಾದರೆ ಕಾರಿನ ಹಾಟ್‌ಸ್ಪಾಟಿಗೆ ಯಾವ ಮೇಲ್ಮೆಯೂ ಇಲ್ಲವೆ? ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಕಾರಿನ ಕವಚ ಲೋಹದ್ದು. ಹೊರಗಿನ ಸಂಕೇತ ಒಳಗಣ ಫೋನನ್ನು ಮುಟ್ಟುವಷ್ಟರಲ್ಲಿ ಸೊರಗುತ್ತದೆ. ಕಾರಿನ ಆಂಟೆನಾ ಮೇಲ್ಛಾವಣಿಯಲ್ಲಿದ್ದರೆ ಅದಕ್ಕೆ ಈ ತಡೆಯಿಲ್ಲ. ಅದಲ್ಲದೆ, ಹಾಟ್‌ಸ್ಪಾಟಾಗಿ ದುಡಿಯುವ ಫೋನು ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಕಾರಿನ ಉಪಕರಣಕ್ಕೆ ಕಾರೇ ಅನ್ನದಾತ. ಆದರೆ ಮೇಲ್ಛಾವಣಿಯ ಆಂಟೆನಾ ಸೊರಗಿದ ಸಂಕೇತವನ್ನು ಹಿಡಿಯಬಲ್ಲದೇ ಹೊರತು ಇಲ್ಲದ ಸಂಕೇತವನ್ನು ಸೃಷ್ಟಿಸಲಾರದು. ಮಂಗಳೂರಿನ ಅದೇ ದಾರಿಯಲ್ಲಿ ಸಕಲೇಶಪುರ ದಾಟಿ, ದೋಣಿಗಲ್ಲಿನಿಂದ ಗುಂಡ್ಯದ ಕಡೆಗೆ ಶಿರಾಡಿ ಘಾಟಿ ಇಳಿಯುವಾಗ ಗೋಪುರದ ಸಂಕೇತ ತಲಪದ ತಿರುವು ಬಂದರೆ ಚಂದಾ ಕೊಟ್ಟ ಕಾರೂ ಕೊಡದ ಕಾರೂ ಒಂದೇ ಸಮನೆ ಮೂಕವಾಗುತ್ತವೆ. ಇನ್ನೂ ಒಂದು ಸಂಗತಿ: ಕಾರಿನ ಸಿಮ್ ಒಂದೇ ಕಂಪನಿಯದು. ಸಂಸಾರದ ಫೋನುಗಳಾದರೊ ಬೇರೆ ಬೇರೆ ಕಂಪನಿಯವಾಗಿರಬಹುದು. ಒಂದು ಸೋತಲ್ಲಿ ಇನ್ನೊಂದು ಗೆಲ್ಲುತ್ತದೆ.

ಆಯುಷ್ಯದ ವಿಚಾರವನ್ನೂ ಮರೆಯುವಂತಿಲ್ಲ. ನಮ್ಮಲ್ಲಿ ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ. ಫೋನನ್ನು ಜನ ಕೆಲವೇ ವರ್ಷಗಳಿಗೊಮ್ಮೆ ಬದಲಿಸುತ್ತಾರೆ. ಕಾರಿನ ಹೊಟ್ಟೆಯೊಳಗಿನ ಸಂಪರ್ಕಯಂತ್ರವನ್ನು ಹಾಗೆ ಬದಲಿಸುವವರು ವಿರಳ. 2022ರ ಫೆಬ್ರವರಿಯಲ್ಲಿ ಅಮೆರಿಕದ ಎಟಿ ಅಂಡ್ ಟಿ ಕಂಪನಿ ತನ್ನ 3ಜಿ ಜಾಲವನ್ನು ಮುಚ್ಚಿದಾಗ, ಅದನ್ನೇ ನಂಬಿದ್ದ ಹಲವು ಕಾರುಗಳ ಸಂಪರ್ಕ ಕಡಿದುಹೋಯಿತು. ಎಂಜಿನು ಗಟ್ಟಿಯಾಗಿಯೇ ಇತ್ತು. ಕಿವಿ ಮಾತ್ರ ಕೇಳದಾಯಿತು. ಆದ್ದರಿಂದ ಚಂದಾ ಕೊಡುವುದೇ ಆದರೂ ತಿಂಗಳ ಲೆಕ್ಕದಲ್ಲಿ ಕೊಡುವುದು ಜಾಣತನ. ಹಲವು ವರ್ಷಗಳ ಹಣವನ್ನು ಒಮ್ಮೆಗೇ ಕಟ್ಟುವುದು ಸಾಹಸ.

'ಮೊದಲು ಉಚಿತ' ಎಂಬ ಮಾತಿನ ಒಳಗುಟ್ಟನ್ನೂ ಅರಿತಿರಬೇಕು. ಉಚಿತದ ಅವಧಿ ಆರಂಭವಾಗುವಾಗಲೇ ಕಾರ್ಡಿನ ಸಂಖ್ಯೆಯನ್ನು ಬರೆಸಿಕೊಂಡರೆ ಅವಧಿ ಮುಗಿದ ಮರುದಿನದಿಂದ ಕಂತು ತಾನಾಗಿ ಕಡಿತವಾಗಬಹುದು. ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರ್ 1ರಿಂದ ಇಂತಹ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಬ್ಯಾಂಕಿನಿಂದ ಸೂಚನೆ ಬರಬೇಕು. ಬೇಡವೆಂದು ತಡೆಯುವ ಅವಕಾಶವೂ ಗ್ರಾಹಕನಿಗುಂಟು. ಆದರೆ ಸೂಚನೆ ಬರುವುದು ಹತ್ತಾರು ಸಂದೇಶಗಳ ನಡುವೆ. ಓದದೆ ಅಳಿಸಿಬಿಟ್ಟವರ ಪಾಲಿಗೆ ಆ ನಿಯಮ ಇದ್ದೂ ಇಲ್ಲದಂತೆ.

ಇಷ್ಟೆಲ್ಲ ಕೇಳಿದ ಮೇಲೆ ಹಾಟ್‌ಸ್ಪಾಟ್ ಯಾರಿಗೂ ಬೇಡವೆಂಬ ತೀರ್ಮಾನಕ್ಕೆ ಬಂದರೆ ಅದೂ ಆತುರವಾದೀತು. ಕಾರಿಗೆ ವೈಫೈ ಬೇಕೆ ಎಂದು ಕೇಳುವುದರಲ್ಲಿಯೇ ಎಡವಟ್ಟಿದೆ. ಕಾರಿಗೆ ಏನೂ ಬೇಕಿಲ್ಲ. ಡೇಟಾ ಇರುವ ಫೋನು ಜೊತೆಗಿಲ್ಲದೆ ಆ ಕಾರಿನಲ್ಲಿ ಕೂರುವವರು ಯಾರು ಎಂದು ಕೇಳಬೇಕು. ತಂದೆತಾಯಿಯರಿಬ್ಬರೂ ಕೆಲಸಕ್ಕೆ ಹೋದ ಮನೆಯಲ್ಲಿ ಚಾಲಕನೊಬ್ಬ ಮಕ್ಕಳನ್ನು ಶಾಲೆಯಿಂದ ಸಂಗೀತದ ಪಾಠಕ್ಕೆ, ಅಲ್ಲಿಂದ ಮನೆಗೆ ದಿನವೂ ಕರೆದೊಯ್ಯುತ್ತಾನೆ. ಸಂಜೆಯ ವಾಹನಗಳ ದಟ್ಟಣೆಯಲ್ಲಿ ಒಂದೂವರೆ ಗಂಟೆ ಕಾರಿನಲ್ಲಿಯೇ ಕಳೆಯುತ್ತದೆ. ಮಗಳ ಕೈಯಲ್ಲಿರುವುದು ಸಿಮ್ ಇಲ್ಲದ ಟ್ಯಾಬ್ಲೆಟ್. ಮನೆಪಾಠ ಮುಗಿಸಲು, ತಾಯಿಗೊಂದು ಸಂದೇಶ ಕಳಿಸಲು ಅವಳಿಗೆ ಬೇರೆ ದಾರಿಯಿಲ್ಲ. ಚಾಲಕನ ಡೇಟಾವನ್ನು ಕೇಳುವುದು ಸರಿಯಲ್ಲ. ಅಂತಹ ಮನೆಗೆ ಕಾರಿನ ಚಂದಾ ವ್ಯರ್ಥವಲ್ಲ.

ಇನ್ನೊಂದು ಮನೆ ಹೀಗಿದೆ. ಮಗನ ಉದ್ಯೋಗ ಶುಕ್ರವಾರ ಸಂಜೆಯವರೆಗೂ ಬಿಡುವುದಿಲ್ಲ. ಊರಿನಲ್ಲಿ ಹೆತ್ತವರು ದಾರಿ ಕಾಯುತ್ತಾರೆ. ಹೆಂಡತಿ ಗಾಡಿ ಓಡಿಸಲು ಸಿದ್ಧಳಿದ್ದಾಳೆ. ಮಧ್ಯಾಹ್ನವೇ ಹೊರಟು ದಾರಿಯಲ್ಲಿ ಪಕ್ಕದ ಸೀಟಿನಲ್ಲಿ ಕುಳಿತು ಕೆಲಸ ಮುಗಿಸಿದರೆ ರಾತ್ರಿಯ ಊಟಕ್ಕೆ ಊರು ಸೇರಬಹುದು. ಫೋನಿನ ಸಂಪರ್ಕ ಪದೇ ಪದೇ ತುಂಡಾಗಿ, ಆ ಕಾರಣದಿಂದಲೇ ಪ್ರಯಾಣ ಶನಿವಾರಕ್ಕೆ ಬೀಳುತ್ತಿದ್ದರೆ, ಮೇಲ್ಛಾವಣಿಯ ಆಂಟೆನಾ ತಂದುಕೊಡುವುದು ಡೇಟಾವನ್ನಲ್ಲ, ತಿಂಗಳಿಗೆರಡು ಸಂಜೆಗಳನ್ನು. ಕಾದು ಕುಳಿತ ತಾಯಿಗೆ ಆ ಸಂಜೆಗಳ ಬೆಲೆ ಯಾವ ಚಂದಾಕ್ಕಿಂತಲೂ ಹೆಚ್ಚಿನದು.

ಇದೇ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ನಗರದ ಸಂಸಾರದಲ್ಲಿ ಎಲ್ಲರೂ ಒಟ್ಟಿಗೆ, ಎದ್ದುಹೋಗಲಾರದಂತೆ, ಏಳು ಗಂಟೆ ಕುಳಿತುಕೊಳ್ಳುವ ಸ್ಥಳ ಕಾರೊಂದೇ. ಮನೆಯಲ್ಲಾದರೆ ಕೋಣೆಗಳಿವೆ, ಬಾಗಿಲುಗಳಿವೆ. ಕಾರಿನಲ್ಲಿ ಬಾಗಿಲಿದ್ದರೂ ಅದು ಹೊರಕ್ಕೆ ತೆರೆಯುವಂಥದು. ಹಾಸನ ದಾಟುವ ಹೊತ್ತಿಗೆ ಅಜ್ಜಿಗೆ ತಮ್ಮ ತವರಿನ ನೆನಪು ಬರುತ್ತದೆ, ಮೊಮ್ಮಗ ಅರ್ಧ ಆಕಳಿಸುತ್ತ ಅರ್ಧ ಕೇಳುತ್ತಾನೆ, ತಂಗಿ "ಆಮೇಲೇನಾಯಿತು ಅಜ್ಜಿ?" ಎನ್ನುತ್ತಾಳೆ. ನಾಲ್ವರ ಮುಂದೆ ನಾಲ್ಕು ತೆರೆಗಳು ಬೆಳಗಿದರೆ ಕಾರು ನಾಲ್ಕು ಕೋಣೆಗಳಾಗುತ್ತದೆ. ಅಜ್ಜಿಯ ಕತೆ ಯಾವ ಗೋಪುರದಿಂದಲೂ ಇಳಿಸಿಕೊಳ್ಳಲು ಸಿಗುವಂಥದಲ್ಲ. ಒಮ್ಮೆ ತಪ್ಪಿದರೆ ತಪ್ಪಿತು. ಇದು ಚಂದಾ ಕೊಡದಿರಲು ಸಾಕಾದ ಕಾರಣವಲ್ಲ, ಏಕೆಂದರೆ ಫೋನಿನ ಡೇಟಾವೂ ಅದೇ ಕೋಣೆಗಳನ್ನು ಕಟ್ಟಬಲ್ಲದು. ಆದರೆ ಕೊಡುವವರು ಯಾವುದನ್ನು ಕೊಳ್ಳುತ್ತಿದ್ದೇವೆಂದು ತಿಳಿದು ಕೊಡಬೇಕು. ಹಿಂದಿನ ಸೀಟಿನ ಮೌನವನ್ನು ಕೊಳ್ಳುವುದಕ್ಕಾಗಿಯೇ ಚಂದಾ ಕಟ್ಟುವುದಾದರೆ, ಆ ಮೌನ ಬೇಕಾದದ್ದು ಯಾರಿಗೆ ಎಂದು ಒಮ್ಮೆ ಯೋಚಿಸುವುದು ಒಳ್ಳೆಯದು.

ನಿರ್ಧಾರಕ್ಕೆ ಒಂದು ಸುಲಭ ಮಾರ್ಗವುಂಟು. ಒಂದು ತಿಂಗಳು ಚಂದಾ ಇಲ್ಲದೆಯೇ ಕಾರನ್ನು ಬಳಸುವುದು. ಮುಂದಿನ ಸೀಟಿನ ಖಾನೆಯಲ್ಲಿ ಒಂದು ಸಣ್ಣ ಪುಸ್ತಕವನ್ನಿಡುವುದು. ಫೋನು ಸಾಲದೆ ಯಾರಿಗಾದರೂ ನಿಜವಾದ ತೊಂದರೆಯಾದ ದಿನ, ಕೆಳಗಿಳಿದ ಮೇಲೆ, ಅದರಲ್ಲಿ ಒಂದು ಸಾಲು ಬರೆಯುವುದು: ಯಾರಿಗೆ, ಎಲ್ಲಿ, ಏತಕ್ಕೆ. ಹಾಟ್‌ಸ್ಪಾಟನ್ನು ಗಾಡಿ ಹೊರಡುವ ಮುನ್ನವೇ ಚಾಲೂ ಮಾಡಬೇಕು. ಓಡಿಸುತ್ತ ಫೋನನ್ನು ಕೈಯಲ್ಲಿ ಹಿಡಿದು ತಡಕಾಡುವುದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ ಅಪಾಯಕಾರಿ ಚಾಲನೆ. ಫೋನನ್ನು ಬಿಸಿಲು ಬೀಳುವ ಗಾಜಿನ ಕೆಳಗಿಡದೆ, ಚಾರ್ಜಿಗೆ ಹಾಕಿ ನೆರಳಿನಲ್ಲಿಡಬೇಕು. ಇಷ್ಟು ಮಾಡಿದ ಮೇಲೆ ತಿಂಗಳ ಕೊನೆಗೆ ಪುಸ್ತಕ ಬಿಳಿಯಾಗಿಯೇ ಉಳಿದರೆ ಚಂದಾ ಬೇಡ. ಒಂದೆರಡು ಸಾಲುಗಳಿದ್ದರೆ ಫೋನಿನ ಪ್ಲಾನನ್ನು ಹೆಚ್ಚಿಸಿದರೆ ಸಾಕಾಗಬಹುದು. ವಾರಕ್ಕೊಂದರಂತೆ ಸಾಲುಗಳು ತುಂಬಿ, ಅವುಗಳಲ್ಲಿ ಫೋನಿಲ್ಲದ ಮಗುವಿನ ಹೆಸರೊ, ದಾರಿಯಲ್ಲಿಯೇ ದುಡಿಯಬೇಕಾದವರ ಹೆಸರೊ ಮತ್ತೆ ಮತ್ತೆ ಕಂಡರೆ ಚಂದಾ ಕಟ್ಟಬಹುದು, ಸಂಕೋಚ ಬೇಕಿಲ್ಲ. ಮಳಿಗೆಯ ಮಾತನ್ನು ಒಪ್ಪುವುದಕ್ಕಾಗಲಿ ತಳ್ಳಿಹಾಕುವುದಕ್ಕಾಗಲಿ ಆ ನಾಲ್ಕು ಸಾಲುಗಳಷ್ಟು ನಂಬಿಕೆಯ ಆಧಾರ ಬೇರೆ ಸಿಗದು. ಏಕೆಂದರೆ ಅವನ್ನು ಬರೆದವರು ಆ ಕಾರಿನಲ್ಲಿ ಕೂರುವವರೇ.